ಮಹಾಮಾರಿಯ ಕಾಲದಲ್ಲಿ ಗೊಂಬೆಯ ಪಾರ್ಸೆಲ್ ಹೊರಡಬೇಕೆ?

ಪ್ರಶ್ನೆ: ನಮ್ಮದು ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುವ ಸಣ್ಣ ಘಟಕ. ಆನ್‌ಲೈನ್‌ನಲ್ಲಿ ಮಾರುತ್ತೇವೆ. 2020ರಲ್ಲಿ ಯುಗಾದಿಗೆ ಮುಂಚೆ ಹೊಸಕೋಟೆ ಕಡೆಯ ಗೋದಾಮಿಗೆ ಕಳಿಸಿದ್ದ ಸರಕೆಲ್ಲ ಲಾಕ್‌ಡೌನ್‌ನಲ್ಲಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಬಣ್ಣ ಹಾಕುವ ಹೆಂಗಸರಿಗೆ ಕೂಲಿ ಕೊಡಲು ಒಡವೆ ಅಡ ಇಟ್ಟೆವು. ನನ್ನ ಮೈದುನ ಆಗಲೂ ಈಗಲೂ ಅದೇ ಕಡೆ ಒಂದು ಗೋದಾಮಿನಲ್ಲಿ ಗುತ್ತಿಗೆಯ ಮೇಲೆ ಪ್ಯಾಕಿಂಗ್ ಕೆಲಸದಲ್ಲಿದ್ದಾನೆ. ಆ ಮಾತು ಬಂದಾಗಲೆಲ್ಲ ‘ನಿಮ್ಮ ಗೊಂಬೆ ಹೊರಡಲಿ ಅಂತ ನಾನು ಸಾಯಬೇಕಿತ್ತಾ ಅತ್ತಿಗೆ?’ ಎಂದು ಕೇಳುತ್ತಾನೆ. ಈಗ ನಮ್ಮ ತಯಾರಕರ ಸಂಘ ‘ಮುಂದೆ ಇಂಥ ಕಾಯಿಲೆ ಬಂದರೂ ಗೋದಾಮುಗಳು ಎಲ್ಲ ಬಗೆಯ ಸರಕನ್ನೂ ಕಳಿಸಲು ಸರ್ಕಾರ ಬಿಡಬೇಕು’ ಎಂದು ಮನವಿ ಬರೆದು ಸಹಿ ಕೇಳುತ್ತಿದೆ. ಹಾಕಲೇ? ಪಾರ್ಸೆಲ್ ಮೇಲಿಂದಲೇ ಸೋಂಕು ಬರುತ್ತದೆ ಎನ್ನುತ್ತಿದ್ದರಲ್ಲ, ಅದು ನಿಜವೇ?

ಉತ್ತರ: ಈಗಿರುವ ಒಕ್ಕಣೆಗೆ ಸಹಿ ಹಾಕಬೇಡಿ. ಹಾಗೆಂದು, ಅಕ್ಕಿ-ಔಷಧಿ ಬಿಟ್ಟು ಬೇರೇನೂ ಗೋದಾಮಿನಿಂದ ಹೊರಡಕೂಡದು ಎನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಗೋದಾಮುಗಳಲ್ಲಿ ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡಿಕೊಳ್ಳುವುದು ನನ್ನ ವೃತ್ತಿ. ಅಲ್ಲಿ ನಿಂತು ನೋಡಿದರೆ ನೀವೂ ನಿಮ್ಮ ಮೈದುನನೂ ಜಗಳವಾಡುತ್ತಿರುವುದು ಪೆಟ್ಟಿಗೆಯೊಳಗೆ ಏನಿತ್ತು ಎಂಬುದರ ಮೇಲೆ. ಅಪಾಯ ಇದ್ದದ್ದು ಆ ಪೆಟ್ಟಿಗೆ ಕಟ್ಟಲು ಎಷ್ಟು ಜನ ಒಟ್ಟಿಗೆ ಸೇರಬೇಕಾಯಿತು, ಜ್ವರ ಬಂದವನಿಗೆ ಕೂಲಿ ಕಳೆದುಕೊಳ್ಳದೆ ಮನೆಯಲ್ಲಿ ಮಲಗಲು ಆಗುತ್ತಿತ್ತೇ ಎಂಬುದರಲ್ಲಿ.

ಮೊದಲು ಪಾರ್ಸೆಲ್ ಭಯದ ವಿಚಾರ ಮುಗಿಸಿಬಿಡೋಣ. ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆದದ್ದು, ಕೊರಿಯರ್ ಬಂದ ಡಬ್ಬವನ್ನು ಮೂರು ದಿನ ಬಿಸಿಲಿಗೆ ಇಟ್ಟದ್ದು ನಮಗೆಲ್ಲ ನೆನಪಿದೆ. ಅದಕ್ಕೆ ಬುಡವಿಲ್ಲದೆ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಾಲಯದಲ್ಲಿ ನೋಡಿದಾಗ ಕೊರೊನಾ ವೈರಸ್ ರಟ್ಟಿನ ಮೇಲೆ 24 ಗಂಟೆಯವರೆಗೆ, ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಯವರೆಗೆ ಉಳಿದಿತ್ತು. ಪತ್ರಿಕೆ, ಟಿವಿಗಳು ಹಿಡಿದುಕೊಂಡದ್ದು ಆ ಗಂಟೆಯ ಲೆಕ್ಕವನ್ನು ಮಾತ್ರ. ಗಂಟೆ ಕಳೆದಂತೆ ವೈರಸ್ಸಿನ ಪ್ರಮಾಣ ಭಾರೀ ಇಳಿದುಹೋಗುತ್ತದೆ ಎಂಬ ಅರ್ಧ ಯಾರ ಕಿವಿಗೂ ಬೀಳಲಿಲ್ಲ. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ, ಸೋಂಕು ತಗಲಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕಾಯಿಲೆ ಬರುವ ಸಾಧ್ಯತೆ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿತು.

ನಂಜನಗೂಡಿನ ಔಷಧ ಕಾರ್ಖಾನೆಯ ಪ್ರಕರಣ ನಿಮಗೆ ನೆನಪಿರಬೇಕು. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಒಬ್ಬ ನೌಕರನಲ್ಲಿ ಸೋಂಕು ಕಂಡಿತು. ಆತ ವಿದೇಶಕ್ಕೆ ಹೋದವನಲ್ಲ. ಕೂಡಲೇ ಅನುಮಾನ ಹೋದದ್ದು ಚೀನಾದಿಂದ ಬಂದ ಕಚ್ಚಾವಸ್ತುವಿನ ಪೆಟ್ಟಿಗೆಗಳ ಮೇಲೆ. ಮಾದರಿಗಳನ್ನು ಪುಣೆಯ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಿದರು, ಅವುಗಳಲ್ಲಿ ವೈರಸ್ ಸಿಗಲಿಲ್ಲ. ಅಷ್ಟರಲ್ಲಿ ಕಾಯಿಲೆ ನೌಕರರಿಂದ ನೌಕರರಿಗೆ, ಅವರಿಂದ ಮನೆಯವರಿಗೆ ದಾಟಿ 70ಕ್ಕೂ ಹೆಚ್ಚು ಜನರನ್ನು ಮುಟ್ಟಿತ್ತು.

ಒಂದು ಎಚ್ಚರಿಕೆ ಮಾತ್ರ ಇರಲಿ. ಇದು ಕೋವಿಡ್‌ನ ಮಟ್ಟಿಗೆ ಗೊತ್ತಾದ ಸಂಗತಿ. ಮುಂದೆ ಬರುವ ಕಾಯಿಲೆ ಕೈಯಿಂದ, ವಸ್ತುವಿನಿಂದ ಹರಡುವಂಥದ್ದೇ ಆಗಿದ್ದರೆ ಲೆಕ್ಕ ಬೇರೆ. ಅದಕ್ಕಾಗಿಯೇ ಮೊದಲ ಕೆಲವು ವಾರಗಳ ಬಗ್ಗೆ ನನ್ನ ನಿಲುವು ಬಿಗಿ. ಕಾಯಿಲೆಯ ದಾರಿ ಗೊತ್ತಿಲ್ಲ, ಮಾಸ್ಕ್ ಸಿಗುತ್ತಿಲ್ಲ, ಪರೀಕ್ಷೆಗೆ ವ್ಯವಸ್ಥೆಯಿಲ್ಲ ಎನ್ನುವಾಗ ಗೊಂಬೆ, ಚಪ್ಪಲಿ, ಗೋಡೆ ಗಡಿಯಾರ ಕಾಯಲಿ. ನಿಮಗೆ ಬೇಸರವಾದರೂ ಇದನ್ನು ಬಿಟ್ಟುಕೊಡಲಾರೆ.

ಆಮೇಲಿನ ತಿಂಗಳುಗಳದ್ದೇ ತಕರಾರು. ನಮ್ಮಲ್ಲಿ ಆಗ ನಡೆದದ್ದು ನೋಡಿ. 2020ರ ಮಾರ್ಚ್ 24ರ ಕೇಂದ್ರದ ಆದೇಶ ಇ-ಕಾಮರ್ಸ್‌ನವರಿಗೆ ಆಹಾರ, ಔಷಧಿ, ವೈದ್ಯಕೀಯ ಉಪಕರಣಗಳಂಥ ಅಗತ್ಯ ವಸ್ತುಗಳನ್ನಷ್ಟೇ ತಲುಪಿಸಲು ಬಿಟ್ಟಿತು. ಏಪ್ರಿಲ್ 15ರ ಮಾರ್ಗಸೂಚಿ 20ನೇ ತಾರೀಖಿನಿಂದ ಎಲ್ಲ ಸರಕಿಗೂ ಬಾಗಿಲು ತೆರೆಯುವಂತೆ ಕಂಡಿತು. ಕಂಪನಿಗಳು ಆರ್ಡರ್ ತೆಗೆದುಕೊಳ್ಳತೊಡಗಿದವು. ‘ನಮ್ಮ ಅಂಗಡಿ ಮುಚ್ಚಿಸಿ ಅವರಿಗೆ ಬಿಡುವುದು ಯಾವ ನ್ಯಾಯ’ ಎಂದು ವರ್ತಕರ ಸಂಘಟನೆಗಳು ಎದ್ದು ನಿಂತವು. ಆ ಪ್ರಶ್ನೆಯಲ್ಲಿ ಹುರುಳಿತ್ತು. 19ರಂದು, ಅಂದರೆ ಬಾಗಿಲು ತೆರೆಯಲು ಒಂದು ದಿನ ಇರುವಾಗ, ಕೇಂದ್ರ ಅದನ್ನು ಹಿಂದಕ್ಕೆ ಪಡೆಯಿತು. ಸೋಂಕು ಎಷ್ಟಿದೆ ಎಂದು ನೋಡಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದ್ದರು; ಮೇ 4ರಿಂದ ಹಸಿರು ಮತ್ತು ಕಿತ್ತಳೆ ವಲಯಗಳಿಗೆ ಬಿಟ್ಟರು, ಮೇ 18ರಿಂದ ಕಂಟೈನ್‌ಮೆಂಟ್ ಪ್ರದೇಶ (ಸೋಂಕಿನಿಂದ ಮುಚ್ಚಿದ ಜಾಗ) ಬಿಟ್ಟು ಉಳಿದೆಡೆಗೂ ಬಿಟ್ಟರು. ನಿಮ್ಮ ರಾಮನಗರ ಜಿಲ್ಲೆ ಆಗ ಹಸಿರು ಪಟ್ಟಿಯಲ್ಲಿತ್ತು. ಹೊಸಕೋಟೆ, ನೆಲಮಂಗಲ ಇರುವ ಬೆಂಗಳೂರು ಗ್ರಾಮಾಂತರ ಕೆಂಪು. ಕೊಳ್ಳುವವನ ಊರಿನ ಬಣ್ಣ ನೋಡಿ ಸರಕು ಬಿಡುವಾಗ, ಅದನ್ನು ಕಟ್ಟುವವನು ಯಾವ ಬಣ್ಣದಲ್ಲಿ ನಿಂತಿದ್ದಾನೆ ಎಂದು ಎಷ್ಟು ಜನ ಕೇಳಿದರೋ!

ಅಗತ್ಯ ವಸ್ತುಗಳ ಪಟ್ಟಿಯಲ್ಲೇ ಒಂದು ಕಷ್ಟವಿದೆ. ಔಷಧಿ ಅಗತ್ಯ, ಸರಿ. ಅದನ್ನು ತುಂಬುವ ರಟ್ಟಿನ ಪೆಟ್ಟಿಗೆ? ಅದಕ್ಕೆ ಅಂಟಿಸುವ ಟೇಪು, ಲೇಬಲ್ಲು? ಮೊದಲ ವಾರ ಹೆದ್ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತದ್ದು ಇಂಥ ಪ್ರಶ್ನೆಗಳಿಂದಲೇ. ಬ್ಯಾರಿಕೇಡ್ ಬಳಿ ನಿಂತ ಪೇದೆ ಬಿಲ್ ನೋಡಿ ಇದು ಅಗತ್ಯವೋ ಅಲ್ಲವೋ ಎಂದು ತೀರ್ಮಾನಿಸಬೇಕಿತ್ತು. ಕೊನೆಗೆ ಮಾರ್ಚ್ 29ರಂದು ಕೇಂದ್ರವೇ, ಸಾಗಣೆಯ ಮಟ್ಟಿಗೆ ಅಗತ್ಯ-ಅನಗತ್ಯ ಎಂಬ ಭೇದ ಬೇಡ, ಎಲ್ಲ ಲಾರಿಗಳನ್ನೂ ಬಿಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಮನೆಯೊಳಗೂ ಅಷ್ಟೇ. ಏಪ್ರಿಲ್ ಬಿಸಿಲಲ್ಲಿ ಫ್ಯಾನು ಸುಟ್ಟುಹೋದರೆ, ಕುಕ್ಕರಿನ ಗ್ಯಾಸ್ಕೆಟ್ ಹರಿದರೆ, ಆನ್‌ಲೈನ್ ಪಾಠ ಕೇಳುವ ಹುಡುಗಿಯ ಮೊಬೈಲ್ ಚಾರ್ಜರ್ ಕೆಟ್ಟರೆ? ವಿಧಾನಸೌಧದಲ್ಲಿ ಕೂತು ಇದಕ್ಕೆಲ್ಲ ಪಟ್ಟಿ ಮಾಡುವವರ ಮೇಲೆ ನನಗೆ ಕನಿಕರವಿದೆ.

ಆದರೆ ಪಟ್ಟಿಯ ದೊಡ್ಡ ದೋಷ ಇದಲ್ಲ. ಅದು ಸುರಕ್ಷತೆಯ ಭ್ರಮೆ ಹುಟ್ಟಿಸುತ್ತದೆ. ನಂಜನಗೂಡಿನಲ್ಲಿ ತಯಾರಾಗುತ್ತಿದ್ದದ್ದು ಔಷಧಿ, ಎಲ್ಲ ಪಟ್ಟಿಯಲ್ಲೂ ಮೊದಲ ಸಾಲಿನ ವಸ್ತು. ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಮಾರುತ್ತಿದ್ದದ್ದು ತರಕಾರಿ, ಹಣ್ಣು, ಹೂವು. ಅದನ್ನು 2020ರ ಮೇ 5ರಂದು ಮುಚ್ಚುವಷ್ಟರಲ್ಲಿ ಅಲ್ಲಿಂದ ಸೋಂಕು ತಮಿಳುನಾಡಿನ ಹಲವು ಜಿಲ್ಲೆಗಳಿಗೆ ಹೋಗಿಯಾಗಿತ್ತು. ತರಕಾರಿ ಅಗತ್ಯ ವಸ್ತು ಎಂದು ವೈರಸ್ ರಿಯಾಯಿತಿ ಕೊಡಲಿಲ್ಲ.

ಅಮೆರಿಕದಲ್ಲಿ ಅಮೆಜಾನ್ ಮಾಡಿದ್ದನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. 2020ರ ಮಾರ್ಚ್ 17ರಂದು ಅದು, ಮನೆಬಳಕೆಯ ದಿನಸಿ ಮತ್ತು ವೈದ್ಯಕೀಯ ಸಾಮಗ್ರಿ ಬಿಟ್ಟು ಮಾರಾಟಗಾರರ ಬೇರೆ ಸರಕನ್ನು ಏಪ್ರಿಲ್ 5ರವರೆಗೆ ಗೋದಾಮಿಗೆ ತೆಗೆದುಕೊಳ್ಳುವುದಿಲ್ಲ ಎಂದಿತು. ಕೇಳಿದವರು ಅನಗತ್ಯ ಸರಕು ನಿಂತಿತು ಅಂದುಕೊಂಡರು. ನಿಂತದ್ದು ಹೊಸದಾಗಿ ಒಳಬರುವ ಸರಕು. ಆಗಲೇ ಒಳಗಿದ್ದ ಮಾಲು ಹೊರಡುತ್ತಲೇ ಇತ್ತು. ಅದರ ಹಿಂದಿನ ದಿನವಷ್ಟೇ ಇನ್ನೂ ಒಂದು ಲಕ್ಷ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಕಂಪನಿ ಪ್ರಕಟಿಸಿತ್ತು. ಮಾರ್ಚ್ ಮುಗಿಯುವ ಮೊದಲು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಗೋದಾಮಿನ ಕೆಲಸಗಾರರು ಹೊರನಡೆದು ಪ್ರತಿಭಟಿಸಿದರು. ಅದೇ ಅಕ್ಟೋಬರ್‌ನಲ್ಲಿ ಕಂಪನಿ ತಾನೇ ಕೊಟ್ಟ ಲೆಕ್ಕದಲ್ಲಿ, ಅಮೆರಿಕದ ತನ್ನ ಸುಮಾರು 13.7 ಲಕ್ಷ ಮುಂಚೂಣಿ ನೌಕರರಲ್ಲಿ 19,816 ಮಂದಿಗೆ ಸೋಂಕು ತಗಲಿತ್ತು ಅಥವಾ ತಗಲಿದೆ ಎಂದು ಭಾವಿಸಲಾಗಿತ್ತು. ಸಾಮಾನ್ಯ ಜನರ ಪ್ರಮಾಣಕ್ಕಿಂತ ಇದು ಕಡಿಮೆ ಎನ್ನುವುದು ಕಂಪನಿಯ ವಾದ. ಅದು ಹೌದೇ ಇರಲಿ, ಪಟ್ಟಿ ಬಂತು ಎಂದ ಮಾತ್ರಕ್ಕೆ ಗೋದಾಮಿನೊಳಗಿನ ತಲೆಗಳ ಸಂಖ್ಯೆ ಇಳಿಯುತ್ತದೆ ಎಂಬ ಖಾತ್ರಿಯಿಲ್ಲ.

ಈಗ ನಿಮ್ಮ ಮೈದುನನ ಕೆಲಸದ ಜಾಗಕ್ಕೆ ಬರೋಣ, ಏಕೆಂದರೆ ಹೊರಗಿನವರು ಇಲ್ಲೇ ತಪ್ಪು ಅಂದಾಜು ಮಾಡುವುದು. ಹೊಸ ಕಾಲದ ಗೋದಾಮು ಎಂದರೆ ಮೂರಾಳು ನಾಲ್ಕಾಳು ಎತ್ತರದ ಶೆಡ್ಡು, ಡಾಕ್ ಬಾಗಿಲುಗಳು ತೆರೆದಿದ್ದರೆ ಗಾಳಿ ಆಡುತ್ತದೆ. ರ‍್ಯಾಕಿನ ಸಂದಿಯಲ್ಲಿ ಮಾಲು ಆರಿಸುವವನು ಬಹುಪಾಲು ಒಬ್ಬನೇ ಇರುತ್ತಾನೆ. ಪ್ಯಾಕಿಂಗ್ ಮೇಜುಗಳನ್ನು ದೂರ ದೂರ ಇಡಬಹುದು, ಒಂದು ಬಿಟ್ಟು ಒಂದು ಖಾಲಿ ಬಿಡಬಹುದು. ತೊಂದರೆ ಇರುವುದು ಶಿಫ್ಟ್ ಬಿಟ್ಟಾಗ. ಹೊರಗೆ ಹೋಗುವ ಗೇಟಿನಲ್ಲಿ ಎರಡು ಕಬ್ಬಿಣದ ಕಂಬಿಗಳ ನಡುವೆ ಒಂದೇ ಸಾಲು. ಬೆಲ್ಟು ಬಿಚ್ಚಬೇಕು, ಚಿಲ್ಲರೆ, ಮೊಬೈಲು, ಬೀಗದ ಕೈ ಎಲ್ಲ ತಟ್ಟೆಗೆ ಹಾಕಬೇಕು, ಗಾರ್ಡು ಮೈಮೇಲೆ ಡಿಟೆಕ್ಟರ್ ಆಡಿಸುತ್ತಾನೆ. ಐಡಿ ಕಾರ್ಡಿನ ಫೋಟೋಗೂ ಮುಖಕ್ಕೂ ತಾಳೆ ನೋಡಲು ಮಾಸ್ಕ್ ಇಳಿಸು ಅನ್ನುತ್ತಾನೆ. ಒಳಗೆ ಆರಡಿಗೊಂದು ಹಳದಿ ವೃತ್ತ ಬಳಿದ ಕಂಪನಿಯಲ್ಲೇ ಇಲ್ಲಿ ಒಬ್ಬನ ಬೆನ್ನಿಗೆ ಇನ್ನೊಬ್ಬನ ಎದೆ. ಕಂಬಿಯ ಆಚೆ ಬದಿ ಮುಂದಿನ ಶಿಫ್ಟಿನವರು ಒಳಬರಲು ಕಾಯುತ್ತಿರುತ್ತಾರೆ. ಆಮೇಲೆ ಲಾಕರ್ ರೂಮು, ಕ್ಯಾಂಟೀನು, ಊರಿಗೆ ಬಿಡುವ ಬಸ್ಸು, ಅದರಿಂದ ಇಳಿದರೆ ಒಂದೇ ಬಾಡಿಗೆ ರೂಮಿನಲ್ಲಿ ಪಾಳಿಯಲ್ಲಿ ಮಲಗುವ ಹುಡುಗರು. ಸೋಂಕಿಗೆ ಬೇಕಾದ ಹತ್ತಿರ ಮತ್ತು ಹೊತ್ತು ಎರಡೂ ಇಲ್ಲಿ ಸಿಗುತ್ತವೆ.

ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್ ಬಗ್ಗೆ ಒಂದು ಮಾತು. ಲಕ್ಷಣ ಕಾಣುವ ಮೊದಲೇ ಕೋವಿಡ್ ಹರಡುತ್ತಿತ್ತು, ಅಂಥವರನ್ನು ಅದು ಹಿಡಿಯುವುದಿಲ್ಲ. ಹಿಡಿಯಬಹುದಾದವನನ್ನೂ ಹಿಡಿಯುವುದಿಲ್ಲ, ಏಕೆಂದರೆ ಅವನು ಪ್ಯಾರಾಸಿಟಮಾಲ್ ನುಂಗಿ ಬಂದಿರುತ್ತಾನೆ. ಏಕೆ ನುಂಗಿದ ಎನ್ನುವುದು ಮುಖ್ಯ. ದಿನಗೂಲಿಯ ಗುತ್ತಿಗೆ ನೌಕರನಿಗೆ ಒಂದು ರಜೆ ಎಂದರೆ ಅಂದಿನ ಕೂಲಿ ಹೋಯಿತು. ಹಾಜರಿ ಬೋನಸ್ ಇರುವ ಕಡೆ ತಿಂಗಳ ಬೋನಸ್ಸೂ ಹೋಯಿತು. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆಯಲ್ಲ ಎನ್ನುತ್ತಾರೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಕಾಯಿಲೆ ರಜೆಯಲ್ಲಿ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುವುದು ನಿಜ. ಆದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಕಟ್ಟಿರಬೇಕು, ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಹಬ್ಬದ ಸೇಲ್‌ಗೆಂದು ಸೇರಿಕೊಂಡು ಎರಡು ತಿಂಗಳಾದ ಹುಡುಗನಿಗೆ ಈ ಹಣ ಇಲ್ಲ. ಅವನು ಬರುತ್ತಾನೆ, ಕೆಮ್ಮುತ್ತಲೇ ಬರುತ್ತಾನೆ. ನಾನಾಗಿದ್ದರೂ ಬರುತ್ತಿದ್ದೆ.

2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ಲಾಕ್‌ಡೌನ್‌ನಲ್ಲಿ ಮುಚ್ಚಿದ ಘಟಕಗಳೂ ಕೂಲಿ ಕಡಿತ ಮಾಡದೆ ಕೊಡಬೇಕು ಎಂದು ಆದೇಶಿಸಿತ್ತು. ಮೇ 18ರಿಂದ ಅದು ಜಾರಿಯಲ್ಲಿ ಉಳಿಯಲಿಲ್ಲ. ಜೂನ್ 12ರಂದು ಸುಪ್ರೀಂ ಕೋರ್ಟ್, ಕೊಡದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಇಬ್ಬರೂ ಕೂತು ಮಾತಾಡಿಕೊಳ್ಳಿ ಎಂದಿತು. ಒಡವೆ ಅಡ ಇಟ್ಟು ಕೂಲಿ ಕೊಟ್ಟ ನಿಮ್ಮಂಥವರ ಹೆಗಲಿಗೆ ಇಡೀ ಹೊರೆ ಹಾಕಿದ ಆದೇಶ ಅದು. ಅದರ ಉದ್ದೇಶ ಸರಿ, ಹಣ ಎಲ್ಲಿಂದ ಎಂಬ ಉತ್ತರ ಇರಲಿಲ್ಲ.

ಫ್ರಾನ್ಸ್‌ನಲ್ಲಿ ಇದೇ ವ್ಯಾಜ್ಯ ಕೋರ್ಟಿಗೆ ಹೋಯಿತು, ಅದರ ತೀರ್ಪು ನನಗೆ ಮೆಚ್ಚುಗೆಯಾದದ್ದು. 2020ರ ಏಪ್ರಿಲ್ 14ರಂದು ನಾಂತೇರ್ ನಗರದ ನ್ಯಾಯಾಲಯ ಒಂದು ಕಾರ್ಮಿಕ ಒಕ್ಕೂಟದ ಅರ್ಜಿಯ ಮೇಲೆ, ಅಮೆಜಾನ್ ಆಹಾರ, ಶುಚಿತ್ವ ಮತ್ತು ವೈದ್ಯಕೀಯ ವಸ್ತುಗಳನ್ನಷ್ಟೇ ಕಳಿಸಬೇಕು, ಮೀರಿದರೆ ಹತ್ತು ಲಕ್ಷ ಯೂರೋ ದಂಡ ಎಂದಿತು. ಕಂಪನಿ ಆರೂ ಗೋದಾಮು ಮುಚ್ಚಿತು. ಹತ್ತು ದಿನಕ್ಕೆ ವರ್ಸೈ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು. ಪಟ್ಟಿ ಹಿಗ್ಗಿಸಿತು, ದಂಡವನ್ನು ಒಂದು ಲಕ್ಷ ಯೂರೋಗೆ ಇಳಿಸಿತು. ಮೇ 19ರಿಂದ ಗೋದಾಮುಗಳು ಮತ್ತೆ ತೆರೆದವು. ಎಲ್ಲರೂ ‘ಅನಗತ್ಯ ವಸ್ತು ನಿಷೇಧ’ ಎಂದು ತಲೆಬರಹ ಹಾಕಿದರು. ಕೋರ್ಟು ಹಿಡಿದಿದ್ದ ತಪ್ಪು ಬೇರೆ: ಕೆಲಸಗಾರರ ಪ್ರತಿನಿಧಿಗಳನ್ನು ಕೂರಿಸಿಕೊಂಡು ಯಾವ ಜಾಗದಲ್ಲಿ ಎಷ್ಟು ಅಪಾಯ ಎಂದು ಕಂಪನಿ ಅಂದಾಜು ಮಾಡಿರಲಿಲ್ಲ. ಅದನ್ನು ಮಾಡುವ ತನಕ ಸರಕು ಕಡಿಮೆ ಇರಲಿ ಎಂಬುದು ಆದೇಶದ ತಿರುಳು. ಗೊಂಬೆ ಹೊರಡಬಾರದು ಎಂದಲ್ಲ, ಮೊದಲು ಗೇಟಿನ ಸಾಲು ಸರಿಮಾಡಿ ಎಂದು.

ಹಾಗಾದರೆ ಮುಂದೆ ಏನೇನು ಮಾಡಬಹುದು? ಪೂರ್ತಿ ನಿಲ್ಲಿಸುವುದು ಒಂದು ದಾರಿ. ಮೊದಲ ಮೂರು-ನಾಲ್ಕು ವಾರಕ್ಕೆ ಸರಿ, ಆಮೇಲೆ ಎಳೆದರೆ ಸಣ್ಣ ತಯಾರಕರು ಮುಳುಗುತ್ತಾರೆ, ದೊಡ್ಡವರು ತಡೆದುಕೊಳ್ಳುತ್ತಾರೆ. ಮಾಲು ಕೊಳ್ಳುವವನು ಅಂಗಡಿಗಳು ತೆರೆದ ಕೂಡಲೇ ಅಲ್ಲಿಗೆ ನುಗ್ಗುತ್ತಾನೆ, ಅದೂ ಜನಜಂಗುಳಿಯೇ. ಪಟ್ಟಿ ಮಾಡುವುದರ ಕಷ್ಟ ಹೇಳಿಯಾಯಿತು.

ನಾನು ಹೇಳುವ ದಾರಿ ಸರಕಿಗೆ ಮಿತಿ ಹಾಕುವ ಬದಲು ಜನರಿಗೆ ಮಿತಿ ಹಾಕುವುದು. ಒಂದು ಲೆಕ್ಕಕ್ಕೆ, ಶಿಫ್ಟಿಗೆ 400 ಜನ ದುಡಿಯುವ ಗೋದಾಮಿಗೆ 150ರ ಮಿತಿ ಹಾಕಿ ಎಂದುಕೊಳ್ಳಿ. ಆ 150 ಜನ ಮೊದಲು ಔಷಧಿ, ದಿನಸಿ ಕಳಿಸಲಿ. ಕೈ ಬಿಡುವಾದಷ್ಟು ಗೊಂಬೆಯನ್ನೂ ಕಳಿಸಲಿ, ತಡವಾದರೆ ಆಗಲಿ. ಎರಡು ಶಿಫ್ಟಿನ ನಡುವೆ ಅರ್ಧ ಗಂಟೆ ಖಾಲಿ ಬಿಡಬೇಕು. ತಪಾಸಣೆಯನ್ನು ಎಲ್ಲರ ಬದಲು ಆಗೊಬ್ಬ ಈಗೊಬ್ಬರಂತೆ ಮಾಡಿದರೆ ಗೇಟಿನ ಸಾಲು ಕರಗುತ್ತದೆ. ಕಳವಿನ ಭಯ ಕಂಪನಿಗೆ ಇರುತ್ತದೆ, ಅದನ್ನು ಕ್ಯಾಮೆರಾಗೆ ಬಿಡಲಿ.

ಈ ದಾರಿಗೂ ಅಪಾಯ ಇದೆ. ಜನ ಕಡಿಮೆ, ಆರ್ಡರ್ ಅಷ್ಟೇ ಎಂದಾದರೆ ಉಳಿದವರ ಟಾರ್ಗೆಟ್ ಏರಿಸುತ್ತಾರೆ. ಕೈಯಲ್ಲಿರುವ ಸ್ಕ್ಯಾನರ್ ಎರಡು ಬೀಪ್ ನಡುವಿನ ಬಿಡುವನ್ನೂ ಎಣಿಸುತ್ತದೆ. ಕೈ ತೊಳೆಯಲು ಹೋದ ನಾಲ್ಕು ನಿಮಿಷ ‘ಐಡಲ್ ಟೈಮ್’ ಎಂದು ಬಿದ್ದರೆ ಯಾರೂ ಕೈ ತೊಳೆಯುವುದಿಲ್ಲ. ಅವಸರದಲ್ಲಿ ಭಾರ ಎತ್ತಿ ಬೆನ್ನು ಹಿಡಿದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಹಾಗಾಗಿ ಜನರ ಮಿತಿಯ ಜೊತೆಗೆ ಟಾರ್ಗೆಟ್ ಏರಿಸಬಾರದು ಎಂಬ ಷರತ್ತು ಇರಲೇಬೇಕು. ಸರ್ಕಾರದ ತಪಾಸಣೆ ಇಲ್ಲದಿದ್ದರೆ ಮಿತಿ ಕಾಗದದ ಮೇಲೇ ಉಳಿಯುತ್ತದೆ. ಹಾಜರಿ ಮತ್ತು ಇಎಸ್‌ಐ ವಂತಿಗೆಯ ಲೆಕ್ಕ ತಾಳೆ ಹಾಕಿದರೆ ಕಳ್ಳಾಟ ಹಿಡಿಯುವುದು ಅಂಥ ಕಷ್ಟವೇನಲ್ಲ.

ನಿಮ್ಮ ಕೈಯಲ್ಲೇ ಇರುವ ಇನ್ನೊಂದು ದಾರಿ: ಇಡೀ ಸರಕನ್ನು ಒಂದೇ ಗೋದಾಮಿನಲ್ಲಿ ಪೇರಿಸಬೇಡಿ. ಒಂದು ಪಾಲು ಚನ್ನಪಟ್ಟಣದಲ್ಲೇ ಇರಲಿ, ಆರ್ಡರ್ ಬಂದಂತೆ ಅಂಚೆಯಲ್ಲೋ ಕೊರಿಯರ್‌ನಲ್ಲೋ ನೀವೇ ಕಳಿಸಿ. ಖರ್ಚು ಜಾಸ್ತಿ, ತಲುಪುವುದು ನಿಧಾನ, ಮಾರಾಟ ತಾಣದ ಪಟ್ಟಿಯಲ್ಲಿ ನಿಮ್ಮ ಹೆಸರು ಕೆಳಕ್ಕೂ ಹೋದೀತು. ಹಾಗೆ ಕಳಿಸಿದ್ದೂ ಯಾವುದೋ ವಿಂಗಡಣೆ ಕೇಂದ್ರದ ಕೈಗಳನ್ನು ದಾಟಿಯೇ ಹೋಗಬೇಕು. ಆದರೂ ಒಂದು ಬೀಗ ಬಿದ್ದರೆ ನಿಮ್ಮ ಬಂಡವಾಳವೆಲ್ಲ ಅದರ ಹಿಂದೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಮನವಿಯ ವಿಚಾರ. ‘ಎಲ್ಲ ಸರಕನ್ನೂ ಕಳಿಸಲು ಬಿಡಿ’ ಎಂಬ ಸಾಲು ತೆಗೆಸಿ. ಮೊದಲ ಕೆಲವು ವಾರ ಅಗತ್ಯವಲ್ಲದ ಸರಕು ನಿಲ್ಲಿಸಿದರೆ ಒಪ್ಪುತ್ತೇವೆ, ಆ ಅವಧಿಗೆ ಗೋದಾಮಿನ ಬಾಡಿಗೆ ಶುಲ್ಕ ಮನ್ನಾ ಆಗಬೇಕು, ಸಣ್ಣ ಘಟಕಗಳ ಕೂಲಿಯಲ್ಲಿ ಸರ್ಕಾರದ ಪಾಲು ಇರಬೇಕು ಎಂದು ಬರೆಸಿ. ನಂತರ ಜನರ ಸಂಖ್ಯೆಗೆ ಮಿತಿ ಹಾಕಿ ಎಲ್ಲ ಸರಕಿಗೂ ಅವಕಾಶ, ಟಾರ್ಗೆಟ್ ಏರಿಕೆ ಇಲ್ಲ, ಗುತ್ತಿಗೆಯವರೂ ಸೇರಿ ಎಲ್ಲರಿಗೂ ಮೊದಲ ದಿನದಿಂದಲೇ ಸಂಬಳ ಸಹಿತ ಕಾಯಿಲೆ ರಜೆ ಎಂದು ಸೇರಿಸಿ. ನಿಯಮ ಬದಲಿಸುವುದಾದರೆ ವಾರದ ಮುಂಚೆ ತಿಳಿಸಲಿ, ಏಪ್ರಿಲ್ 19ರ ಆಟ ಮತ್ತೆ ಬೇಡ. ಸಂಘದವರು ‘ಕೆಲಸಗಾರರ ಮಾತು ನಮಗೇಕೆ’ ಎಂದು ಗೊಣಗಬಹುದು. ಗೋದಾಮಿನಲ್ಲಿ ಸೋಂಕು ಎದ್ದು ಅದು ಮುಚ್ಚಿದರೆ ಒಳಗಿರುವ ಮಾಲು ನಮ್ಮದೇ ಎಂದು ಅವರಿಗೆ ನೆನಪಿಸಿ. ತಿದ್ದಿದರೆ ಸಹಿ ಹಾಕಿ, ತಿದ್ದದಿದ್ದರೆ ಕಾರ್ಮಿಕ ಇಲಾಖೆಗೆ ನಿಮ್ಮ ಹೆಸರಿನಲ್ಲೇ ಒಂದು ಪತ್ರ ಬರೆಯಿರಿ.

ಕಳಿಸುವ ಮೊದಲು ಕರಡನ್ನು ಮೈದುನನಿಗೆ ಓದಿಸಿ. ಗೇಟು, ಬಸ್ಸು, ಕ್ಯಾಂಟೀನಿನ ಬಗ್ಗೆ ನನಗಿಂತ ಅವರು ಚೆನ್ನಾಗಿ ಹೇಳಬಲ್ಲರು. ಹಾಗೆಯೇ ತಮ್ಮ ಇಎಸ್‌ಐ ಸಂಖ್ಯೆಯಲ್ಲಿ ಈ ಅವಧಿಗೆ ಎಷ್ಟು ದಿನಗಳ ವಂತಿಗೆ ಜಮೆಯಾಗಿದೆ ಎಂದು ಈ ವಾರವೇ ನೋಡಿಕೊಳ್ಳಲಿ. ಕೂಲಿಯಲ್ಲಿ ಹಿಡಿದುಕೊಂಡ ದುಡ್ಡನ್ನು ಕಾಂಟ್ರಾಕ್ಟರ್ ಕಟ್ಟಿಲ್ಲದಿದ್ದರೆ ಇಎಸ್‌ಐ ಶಾಖಾ ಕಚೇರಿಯಲ್ಲಿ ದೂರು ಕೊಡಬಹುದು.